ಪಡೂಕ್ ಮತ್ತು ಹೊನ್ನೆ: ಮರದ ವರ್ತಕರು ತಿಳಿದಿರಬೇಕಾದದ್ದು

ಶಿವಮೊಗ್ಗ, ಭದ್ರಾವತಿಗಳ ವಾಣಿಜ್ಯಕ್ಕೆ ಕಾಡಿನ ನಂಟು ಹಳೆಯದು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಮೊದಲಿಗೆ ಮಲೆನಾಡಿನ ಮರದ ಇದ್ದಿಲನ್ನೇ ಅವಲಂಬಿಸಿತ್ತು. ಈಗ ಬಾಗಿಲು, ಪೀಠೋಪಕರಣಗಳಿಗೆ ವಿದೇಶದ ಮರಗಳೂ ಬರುತ್ತಿವೆ. ಅವುಗಳಲ್ಲಿ ಆಫ್ರಿಕಾದ ಪಡೂಕ್ ಒಂದು.

ನೈಜೀರಿಯಾ, ಕ್ಯಾಮರೂನ್, ಗ್ಯಾಬನ್, ಕಾಂಗೋಗಳ ಮಳೆಕಾಡಿನಲ್ಲಿ ಬೆಳೆಯುವ ಈ ಮರವು ನಮ್ಮ ಹೊನ್ನೆ ಹಾಗೂ ರಕ್ತಚಂದನಗಳಂತೆಯೇ ಟೀರೋಕಾರ್ಪಸ್ ಕುಲಕ್ಕೆ ಸೇರಿದೆ. ಅಲ್ಲಿನ ಜನರು ಇದರ ಕೆಂಪು ಚೇಗನ್ನು ಪುಡಿಮಾಡಿ ಮೈಗೆ ಹಾಗೂ ಬಟ್ಟೆಗೆ ಬಣ್ಣವಾಗಿ ಬಳಸುತ್ತಾರೆ; ಎಳೆಯ ಎಲೆಗಳನ್ನು ಸೊಪ್ಪಿನಂತೆ ಉಣ್ಣುತ್ತಾರೆ; ಮರದಿಂದ ವಾದ್ಯ, ದೋಣಿಯ ಹುಟ್ಟುಗಳನ್ನು ಮಾಡುತ್ತಾರೆ. ಕೊಯ್ದಾಗ ಉಜ್ವಲವಾದ ಕೆಂಪು ಬಣ್ಣವು ಬೆಳಕಿಗೆ ಒಡ್ಡಿದಂತೆ ಕಂದಾಗುವುದನ್ನು ಗ್ರಾಹಕರಿಗೆ ಮೊದಲೇ ತಿಳಿಸುವುದು ಒಳಿತು.

ನಮ್ಮಲ್ಲಿ ಹೊನ್ನೆಯ ಅಂಟು ಔಷಧಕ್ಕೂ, ಮರವು ಮನೆಯ ಕಟ್ಟಡಕ್ಕೂ ಬಳಕೆಯಾಗುತ್ತ ಬಂದಿದೆ. ಹೊನ್ನೆಯ ಲೋಟದಲ್ಲಿ ರಾತ್ರಿಯಿಡೀ ಇರಿಸಿದ ನೀರನ್ನು ಮಧುಮೇಹಿಗಳು ಕುಡಿಯುವ ರೂಢಿಯೂ ಇದೆ. ಆದರೆ ಅದು ವೈದ್ಯರ ಚಿಕಿತ್ಸೆಗೆ ಬದಲಿಯಲ್ಲ. ಮಧುಮೇಹ ಗುಣವಾಗುತ್ತದೆಂದು ಜಾಹೀರಾತು ನೀಡಿ ಮಾರುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಅಧಿನಿಯಮಕ್ಕೆ ವಿರುದ್ಧವಾಗುತ್ತದೆ.

ಇನ್ನು ಲೆಕ್ಕಪತ್ರದ ವಿಚಾರ. 2022ರ ನವೆಂಬರಿನಲ್ಲಿ ಪನಾಮಾದಲ್ಲಿ ನಡೆದ ಸೈಟಿಸ್ ಸಮ್ಮೇಳನವು ಆಫ್ರಿಕಾದ ಎಲ್ಲ ಟೀರೋಕಾರ್ಪಸ್ ಮರಗಳನ್ನು ಎರಡನೆಯ ಅನುಬಂಧಕ್ಕೆ ಸೇರಿಸಿತು. ಇದು ವ್ಯಾಪಾರದ ನಿಷೇಧವಲ್ಲ. ರಫ್ತು ಮಾಡುವ ದೇಶದ ಅನುಮತಿಪತ್ರ ಇರಲೇಬೇಕೆಂಬ ನಿಯಂತ್ರಣ. ಆಮದುದಾರರಿಂದ ಕೊಳ್ಳುವ ನಮ್ಮ ವರ್ತಕರು ಬಿಲ್ಲಿನಲ್ಲಿ 'ಕೆಂಪು ಮರ' ಎಂಬಷ್ಟಕ್ಕೇ ತೃಪ್ತರಾಗಬಾರದು. ಸಸ್ಯಶಾಸ್ತ್ರೀಯ ಹೆಸರು, ಘನ ಅಳತೆ, ಅನುಮತಿಪತ್ರದ ಹಾಗೂ ಸುಂಕ ಪಾವತಿಯ ದಾಖಲೆಗಳ ಪ್ರತಿಗಳನ್ನು ಕೇಳಿ ಪಡೆದು ಕಡತದಲ್ಲಿರಿಸಬೇಕು.

ಸ್ಥಳೀಯ ಹೊನ್ನೆಗೂ ಇದೇ ಎಚ್ಚರಿಕೆ ಅಗತ್ಯ. ಸ್ವಂತ ಜಮೀನಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದನ್ವಯ ಕಡಿಯಲು ಅನುಮತಿ ಬೇಕು. ಸಾಗಣೆಗೆ ರಹದಾರಿ ಬೇಕು. ಖರೀದಿಗೆ ಮುನ್ನ ಇವೆರಡನ್ನೂ ನೋಡತಕ್ಕದ್ದು.

ದಾಖಲೆಯಿಲ್ಲದ ದಾಸ್ತಾನು ಆಸ್ತಿಪಟ್ಟಿಯಲ್ಲಿ ಆಸ್ತಿಯಂತೆಯೇ ಕಾಣುತ್ತದೆ. ಆದರೆ ಮುಟ್ಟುಗೋಲಾದ ದಿನ ಸರಕು ಕೈಬಿಡುತ್ತದೆ, ಅದಕ್ಕಾಗಿ ಪಡೆದ ಬ್ಯಾಂಕ್ ಸಾಲದ ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಅಗ್ಗವೆಂದು ಕೊಳ್ಳುವ ಮುನ್ನ ವರ್ತಕ ಬಾಂಧವರು ಈ ಲೆಕ್ಕವನ್ನೂ ಹಾಕಬೇಕು.