ಹಳೆಯ ಉಕ್ಕು, ಹೊಸ ಕಟ್ಟಡ

ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯು ಕಬ್ಬಿಣದ ಊರಾಗಿ ನಾಡಿಗೆ ಪರಿಚಿತವಾದುದು ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ. ಅಲ್ಲಿನ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾಯಿತು. 1936ರಲ್ಲಿ ಉಕ್ಕಿನ ತಯಾರಿಕೆಯೂ ಸೇರಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಲು ಆರಂಭದಲ್ಲಿ ಕಲ್ಲಿದ್ದಲಿನ ಬದಲು ಮಲೆನಾಡಿನ ಕಾಡುಮರಗಳ ಇದ್ದಿಲನ್ನು ಉರಿಸುತ್ತಿದ್ದರು. ಬೆಟ್ಟವನ್ನು ಅಗೆದು, ಕಾಡನ್ನು ಕಡಿದು ಪಡೆದ ಲೋಹವನ್ನು ಒಮ್ಮೆ ಬಳಸಿ ಬಿಸುಡುವುದು ಸಲ್ಲದೆಂಬುದಕ್ಕೆ ಈ ಇತಿಹಾಸವೇ ಸಾಕ್ಷಿ.

ಉಕ್ಕಿಗೆ ಒಂದು ವಿಶೇಷ ಗುಣವುಂಟು. ಅದನ್ನು ಎಷ್ಟು ಬಾರಿಯಾದರೂ ಕರಗಿಸಿ ಹೊಸದಾಗಿ ರೂಪಿಸಬಹುದು. ಶಿವಮೊಗ್ಗದಂತಹ ಬೆಳೆಯುವ ನಗರದಲ್ಲಿ ಹಳೆಯ ಕಟ್ಟಡವನ್ನು ಕೆಡವಿದಾಗ ಕಾಂಕ್ರೀಟನ್ನು ಒಡೆದು ಸರಳುಗಳನ್ನು ಬೇರ್ಪಡಿಸುತ್ತಾರೆ. ಅವು ಗುಜರಿ ಅಂಗಡಿಯ ಮೂಲಕ ವಿದ್ಯುತ್ ಕುಲುಮೆಯನ್ನು ಸೇರಿ, ಕರಗಿ, ಮತ್ತೆ ಸರಳುಗಳಾಗಿ ಹೊರಬರುತ್ತವೆ. ಭಾರತ ಸರ್ಕಾರವು 2019ರಲ್ಲಿ ಪ್ರಕಟಿಸಿದ ಗುಜರಿ ಉಕ್ಕಿನ ಮರುಬಳಕೆ ನೀತಿಯ ಪ್ರಕಾರ, ಒಂದು ಟನ್ ಗುಜರಿಯ ಬಳಕೆಯಿಂದ 1.1 ಟನ್ ಅದಿರು, 630 ಕಿಲೋಗ್ರಾಂ ಕೋಕಿಂಗ್ ಕಲ್ಲಿದ್ದಲು ಮತ್ತು 55 ಕಿಲೋಗ್ರಾಂ ಸುಣ್ಣಕಲ್ಲು ಉಳಿಯುತ್ತವೆ.

ಆದರೆ ಉಳಿತಾಯದ ಹೆಸರಿನಲ್ಲಿ ಹಳೆಯ ಸರಳನ್ನು ಬಡಿದು ನೇರಮಾಡಿ ಹೊಸ ಮನೆಯ ತೊಲೆಗೆ ಹಾಕುವುದು ಅಪಾಯಕರ. ಬಾಗಿಸಿ ನೆಟ್ಟಗೆ ಮಾಡಿದ ಕಡೆ ಸರಳಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಮೂಡಬಹುದು. ತುಕ್ಕಿನ ಲೆಕ್ಕವಂತೂ ಇನ್ನೂ ಕಠೋರ. 12 ಮಿಲಿಮೀಟರ್ ವ್ಯಾಸದ ಸರಳು ಸವೆದು 10 ಮಿಲಿಮೀಟರ್ ಆದರೆ ನೋಟಕ್ಕೆ ವ್ಯತ್ಯಾಸ ಅಲ್ಪವೇ. ಆದರೆ ಭಾರವನ್ನು ಹೊರುವುದು ಅಡ್ಡಕೊಯ್ತದ ವಿಸ್ತೀರ್ಣ. ಅದು ವ್ಯಾಸದ ವರ್ಗವನ್ನು ಅನುಸರಿಸುತ್ತದೆ. 144 ಪಾಲು ಇದ್ದುದು 100 ಪಾಲಿಗೆ ಇಳಿದು, ಶೇಕಡಾ 30ಕ್ಕೂ ಹೆಚ್ಚು ಬಲ ನಷ್ಟವಾಗುತ್ತದೆ.

ಕುಲುಮೆಗೆ ಹಾಕುವ ಗುಜರಿಯನ್ನೂ ವಿಂಗಡಿಸಲೇಬೇಕು. ತಂತಿಗಳೊಡನೆ ಬೆರೆತ ತಾಮ್ರವು ಕರಗಿದ ಉಕ್ಕಿನಿಂದ ಸುಲಭವಾಗಿ ಬೇರ್ಪಡದು. ಅದು ಹೆಚ್ಚಾದರೆ ಕಾದ ಉಕ್ಕನ್ನು ಸರಳಾಗಿ ಎಳೆಯುವಾಗ ಮೇಲ್ಮೈ ಬಿರಿಯುತ್ತದೆ. ರಂಜಕವು ಮಿತಿಮೀರಿದರೆ ಉಕ್ಕು ಪೆಡಸಾಗುತ್ತದೆ. ಆದ್ದರಿಂದಲೇ ಕಾಂಕ್ರೀಟಿನ ಸರಳುಗಳಿಗಾಗಿ ಇರುವ ಐ.ಎಸ್. 1786 ಎಂಬ ಭಾರತೀಯ ಮಾನಕವು ರಂಜಕ ಹಾಗೂ ಗಂಧಕಗಳಿಗೆ ಮಿತಿಯನ್ನು ವಿಧಿಸಿದೆ. ಉಕ್ಕು ಅದಿರಿನಿಂದ ಬಂದುದೋ ಗುಜರಿಯಿಂದ ಬಂದುದೋ ಎಂಬುದು ಇಲ್ಲಿ ಮುಖ್ಯವಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಯಿತೇ ಎಂಬುದೇ ಮುಖ್ಯ.

ಬೋಲ್ಟುಗಳಿಂದ ಜೋಡಿಸಿದ ಉಕ್ಕಿನ ತೊಲೆಕಂಬಗಳನ್ನಾದರೋ ಬಿಚ್ಚಿ, ಪರೀಕ್ಷಿಸಿ, ಕರಗಿಸದೆಯೇ ಬೇರೆಡೆ ನಿಲ್ಲಿಸಬಹುದು. ಕಟ್ಟುವಾಗಲೇ ಬಿಚ್ಚುವ ಬಗೆಯನ್ನು ಯೋಚಿಸುವುದು ಮುಂದಿನ ಇಂಜಿನಿಯರರ ಹೊಣೆ. ಆ ಹೊಣೆಯ ಮೊದಲ ಪಾಠ ಶಾಲೆಯ ವಿಸ್ತೀರ್ಣದ ಲೆಕ್ಕದಲ್ಲಿಯೇ ಇದೆ.