ಕಂಪ್ಯೂಟರಿಗೆ ಕ್ರ್ಯಾಕ್ ಹಾಕುವ ಮೊದಲು

ರಾಜೀವನಗರ, ಮೈಸೂರು

ಮಗಳೇ,

ಗೆಳತಿಯೊಬ್ಬಳು ದುಡ್ಡು ಕೊಡದೆ ಫೋಟೋಶಾಪ್ ಓಡಿಸುವ ಕ್ರ್ಯಾಕ್ ತುಂಬಿದ ಪೆನ್‌ಡ್ರೈವ್ ಕೊಟ್ಟಿದ್ದಾಳೆ, ಹಾಕಿಕೊಳ್ಳಲೇ ದೊಡ್ಡಮ್ಮ ಎಂದು ಕೇಳಿದ್ದೀಯ. ಬೇಡ. ಕಾರಣ ಹೇಳದೆ ಬೇಡ ಅಂದರೆ ನಿನ್ನ ವಯಸ್ಸಿನವರು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಅದಕ್ಕೇ ಈ ಪತ್ರ. ನಿನ್ನಂತೆ ಹೊಸದಾಗಿ ಲ್ಯಾಪ್‌ಟಾಪ್ ಕೊಂಡ ಮಕ್ಕಳು ನಮ್ಮ ಬಡಾವಣೆಯ ಬೀದಿಬೀದಿಯಲ್ಲೂ ಇದ್ದಾರೆ. ಅವರ ಕಣ್ಣಿಗೂ ಬೀಳಲಿ ಎಂದು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಪ್ರಾಜೆಕ್ಟ್ ರಿಪೋರ್ಟು, ಬಯೋಡೇಟಾ, ಮದುವೆ ಕಾರ್ಡು ಎಂದು ನನ್ನ ಡಿಟಿಪಿ ಅಂಗಡಿಗೆ ಬರುವ ಮಕ್ಕಳು ಕೆಲವು ಸಲ ಒಂದೂ ಕಡತ ತೆರೆಯದ ಪೆನ್‌ಡ್ರೈವ್ ತಂದು ಮುಂದಿಡುತ್ತಾರೆ. ಹೆಸರು ಸರಿಯಾಗಿಯೇ ಇರುತ್ತದೆ, ಕೊನೆಗೆ ಮಾತ್ರ ಅರ್ಥವಿಲ್ಲದ ನಾಲ್ಕು ಅಕ್ಷರದ ಬಾಲ. ಜೊತೆಗೆ ರೀಡ್‌ಮಿ ಎಂಬ ಒಂದು ಚೀಟಿ: ನಿನ್ನ ಕಡತಗಳಿಗೆಲ್ಲ ಬೀಗ ಹಾಕಿದ್ದೇವೆ, ಕೀಲಿಗೆ 980 ಡಾಲರ್, 72 ಗಂಟೆಯೊಳಗೆ ಕೇಳಿದರೆ ಅರ್ಧ. ಅರ್ಧವೆಂದರೂ ಮೂವತ್ತು ಸಾವಿರ ರೂಪಾಯಿಗೆ ಮೇಲೆ. ಮಗುವಿನ ಮುಖ ನೋಡಲಾಗುವುದಿಲ್ಲ.

ರ‍್ಯಾನ್ಸಮ್‌ವೇರ್ ಎಂದರೆ ಹೀಗೆ ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಪ್ರೋಗ್ರಾಮು. ಅದರ ಬಗ್ಗೆ ಪತ್ರಿಕೆಯಲ್ಲಿ ಬರುವುದು ದೊಡ್ಡವರ ಸುದ್ದಿ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆ. 2023ರ ನವೆಂಬರಿನಲ್ಲಿ ಇನ್ಫೋಸಿಸ್ ಬಳಗದ ಅಮೆರಿಕದ ಕಂಪನಿ ಮೆಕ್‌ಕ್ಯಾಮಿಶ್. ಅಲ್ಲಿ 60 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಕಳ್ಳರ ಕೈಗೆ ಸಿಕ್ಕಿತು. 2024ರ ಜುಲೈ ಕೊನೆಗೆ ಸಿ-ಎಡ್ಜ್ ಎಂಬ ಸಂಸ್ಥೆಗೆ ಪೆಟ್ಟು ಬಿದ್ದು, ಅದನ್ನು ನಂಬಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರು ಯುಪಿಐ ಬಳಸಲಾಗದೆ ಕುಳಿತರು. ಅಂಥವರ ಮೇಲೆ ಬೀಳುವವರು ಗುರಿ ನೋಡಿ ಬರುತ್ತಾರೆ. ಮನೆಯ ಕಂಪ್ಯೂಟರಿಗೆ ಬರುವ ಜಾತಿಯೇ ಬೇರೆ. ಅದರಲ್ಲಿ ಹೆಚ್ಚು ಹರಡಿದ್ದು ಸ್ಟಾಪ್ ಅಥವಾ ಡಿಜೆವಿಯು ಎಂಬ ಕುಟುಂಬ. 2018ರಿಂದ ಇದು ಓಡಾಡಿದ್ದು ಮುಖ್ಯವಾಗಿ ನೀನು ಕೇಳಿದ ದಾರಿಯಲ್ಲೇ, ಕ್ರ್ಯಾಕ್ ಮತ್ತು ಕಳ್ಳ ಲೈಸೆನ್ಸ್ ಕೀಲಿ ಹುಟ್ಟಿಸುವ ಕೀಜೆನ್‌ಗಳ ಹೊಟ್ಟೆಯಲ್ಲಿ. ಭಾರತದಲ್ಲಿ ಇದಕ್ಕೆ ಸಿಕ್ಕವರು ಬಹಳ.

ಕ್ರ್ಯಾಕ್ ಜೊತೆಗಿರುವ ಸೂಚನೆ ಓದಿದ್ದೀಯಾ? ಮೊದಲು ಆಂಟಿವೈರಸ್ ಆಫ್ ಮಾಡು ಎಂದಿರುತ್ತದೆ. ಕಾವಲುಗಾರನನ್ನು ನಮ್ಮ ಕೈಯಲ್ಲೇ ಮನೆಗೆ ಕಳಿಸಿ, ಗೊತ್ತಿಲ್ಲದವನಿಗೆ ಬಾಗಿಲು ತೆಗೆದ ಹಾಗೆ. ಆಮೇಲೆ ಪರದೆಯ ಮೇಲೆ ವಿಂಡೋಸ್ ಅಪ್‌ಡೇಟ್ ಆಗುತ್ತಿರುವಂತೆ ಒಂದು ಚೌಕ ಕಾಣಿಸಬಹುದು. ಅದು ಸುಳ್ಳು ಅಪ್‌ಡೇಟ್. ನೀನು ಕಾಯುತ್ತ ಕುಳಿತ ಹೊತ್ತಿನಲ್ಲಿ ಹಿಂದೆ ಕಡತಗಳಿಗೆ ಬೀಗ ಬೀಳುತ್ತಿರುತ್ತದೆ, ವಿಂಡೋಸ್ ತಾನಾಗಿ ಇಟ್ಟುಕೊಂಡ ಹಳೆಯ ಪ್ರತಿಗಳು ಅಳಿಯುತ್ತಿರುತ್ತವೆ. ಎಷ್ಟೋ ಸಲ ಇದರ ಜೊತೆಯಲ್ಲೇ ಪಾಸ್‌ವರ್ಡ್ ಕದಿಯುವ ಇನ್ನೊಂದು ಪ್ರೋಗ್ರಾಮೂ ಒಳಗೆ ಬಂದು ಕೂರುತ್ತದೆ.

ಮೊದಲೇ ಗುರುತು ಹಿಡಿಯಬೇಕೆಂದರೆ ಇವತ್ತೇ ಒಂದು ಕೆಲಸ ಮಾಡು. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಪಟ್ಟಿಗೆ ಹೋಗಿ, ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬಲ್ಲಿ ಗುರುತು ಹಾಕು. ವಿಂಡೋಸ್ ಕಡತದ ಬಾಲವನ್ನು ಮುಚ್ಚಿಡುತ್ತದೆ. ಅದು ಕಂಡರೆ ತಾನೇ, ಪಿಡಿಎಫ್ ಎಂದು ಹೇಳಿಕೊಂಡು ಇಮೇಲಿನಲ್ಲಿ ಬಂದ ಬಿಲ್ಲು ನಿಜವಾಗಿ ಇಎಕ್ಸ್‌ಇ ಎಂದು ಗೊತ್ತಾಗುವುದು! ಕಾರಣವಿಲ್ಲದೆ ಫ್ಯಾನು ಜೋರಾಗಿ ತಿರುಗಿ, ನಿನ್ನೆ ತೆರೆದ ಫೋಟೋ ಇವತ್ತು ತೆರೆಯದೆ, ಕಡತಗಳ ಹೆಸರು ಕಣ್ಣೆದುರೇ ಬದಲಾಗುತ್ತಿದ್ದರೆ ಅನುಮಾನ ಬೇಡ. ಆ ಕ್ಷಣವೇ ವೈಫೈ ಆಫ್ ಮಾಡು, ಪೆನ್‌ಡ್ರೈವ್, ಹಾರ್ಡ್‌ಡಿಸ್ಕು ಏನಿದ್ದರೂ ಕಿತ್ತುಬಿಡು, ಪವರ್ ಬಟನ್ ಒತ್ತಿ ಹಿಡಿದು ಯಂತ್ರ ನಿಲ್ಲಿಸು. ಉಳಿದದ್ದಾದರೂ ಉಳಿಯಲಿ.

ಇಲ್ಲಿಂದ ಮುಂದೆ ನಮ್ಮ ಜನ ಎಡವುವುದು. ಗಾಬರಿಯಲ್ಲಿ ಹತ್ತಿರದ ರಿಪೇರಿ ಅಂಗಡಿಗೆ ಓಡುತ್ತಾರೆ, ಅಲ್ಲಿ ಫಾರ್ಮ್ಯಾಟ್ ಹೊಡೆದು ಕೊಡುತ್ತಾರೆ. ವೈರಸ್ಸೂ ಹೋಯಿತು, ಕಡತವೂ ಹೋಯಿತು, ಕಡತ ತೆರೆಸಬಹುದಾಗಿದ್ದ ಗುರುತೂ ಹೋಯಿತು. ವೈರಸ್ ಹೊರಹಾಕುವುದು ಒಂದು ಕೆಲಸ, ಬೀಗ ತೆಗೆಯುವುದು ಇನ್ನೊಂದು. ಮೊದಲನೆಯದು ಯಾವಾಗಲೂ ಸಾಧ್ಯ. ಎರಡನೆಯದು ಕೆಲವೊಮ್ಮೆ ಮಾತ್ರ.

ಆದ್ದರಿಂದ ಆ ಚೀಟಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೋ. ಅದರ ಕೆಳಗೆ ಉದ್ದನೆಯ ಐಡಿ ಇರುತ್ತದೆ, ಬಹಳ ಮುಖ್ಯ. ಡಿಜೆವಿಯು ಬೀಗ ಹಾಕುವ ಮೊದಲು ತನ್ನ ಸರ್ವರಿನಿಂದ ನಿನಗೆಂದೇ ಒಂದು ಕೀಲಿ ತರಿಸಲು ನೋಡುತ್ತದೆ. ಸರ್ವರ್ ಸಿಗದಿದ್ದರೆ ತನ್ನೊಳಗೇ ಇರುವ ಒಂದು ಸಾಮಾನ್ಯ ಕೀಲಿ ಬಳಸುತ್ತದೆ. ಆ ಸಾಮಾನ್ಯ ಕೀಲಿ ಒಂದೇ ಆವೃತ್ತಿಗೆ ಸಿಕ್ಕವರಿಗೆಲ್ಲ ಒಂದೇ. ಒಬ್ಬರಿಂದ ಅದು ಹೊರಬಿದ್ದರೆ ಉಳಿದವರ ಕಡತವೂ ತೆರೆಯುತ್ತದೆ. ಅಂಥ ಐಡಿಯ ಕೊನೆಗೆ ಟಿ ಅಕ್ಷರ ಮತ್ತು 1 ಇರುತ್ತದೆ. 2019ರ ಅಕ್ಟೋಬರಿನಲ್ಲಿ ಎಮ್ಸಿಸಾಫ್ಟ್ ಸಂಸ್ಥೆ ಈ ಬೀಗ ತೆಗೆಯುವ ಸಾಧನವನ್ನು ಉಚಿತವಾಗಿ ಕೊಟ್ಟಿತು. ನಿನಗೆಂದೇ ಬಂದ ಕೀಲಿಯಾಗಿದ್ದರೆ, ಹೊಸ ಆವೃತ್ತಿಗಳಲ್ಲಿ, ಅದರಿಂದಲೂ ಆಗದು. ಆಗಲೂ ಕಡತಗಳನ್ನು ಅಳಿಸಬೇಡ. ಡಿಜೆವಿಯು ಕಡತದ ಮೊದಲ 150 ಕಿಲೋಬೈಟ್‌ಗಳಷ್ಟನ್ನು ಮಾತ್ರ ಕೆಡಿಸುವುದರಿಂದ ದೊಡ್ಡ ವಿಡಿಯೊಗಳು ರಿಪೇರಿಯಾಗುವುದುಂಟು. ಬೀಗ ಬಿದ್ದ ಕಡತಗಳನ್ನು ಒಂದು ಬೇರೆ ಡಿಸ್ಕಿಗೆ ಹಾಕಿ ಎತ್ತಿಡು.

ಬಿದ್ದ ಬೀಗ ಯಾವ ಜಾತಿಯದು ಎಂದು ತಿಳಿಯಲು ನೋ ಮೋರ್ ರ‍್ಯಾನ್ಸಮ್ ಎಂಬ ತಾಣವಿದೆ. ಡಚ್ ಪೊಲೀಸರು, ಯೂರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು ಸೇರಿ 2016ರ ಜುಲೈನಲ್ಲಿ ತೆರೆದದ್ದು. ಚೀಟಿಯನ್ನೂ ಕೆಟ್ಟ ಕಡತವೊಂದನ್ನೂ ಅಲ್ಲಿ ಕೊಟ್ಟರೆ ಕೀಲಿ ಇದೆಯೋ ಇಲ್ಲವೋ ಹೇಳುತ್ತದೆ, ದುಡ್ಡು ಕೇಳುವುದಿಲ್ಲ. ಗೂಗಲಿನಲ್ಲಿ ಹುಡುಕಿ ಸಿಕ್ಕಿದ್ದನ್ನೆಲ್ಲ ಓಡಿಸಬೇಡ. 2020ರಲ್ಲಿ ಡಿಜೆವಿಯು ಬೀಗ ತೆಗೆಯುತ್ತೇನೆ ಎಂದು ಬಂದ ಒಂದು ಪ್ರೋಗ್ರಾಮು, ಬಿದ್ದ ಬೀಗದ ಮೇಲೆ ಇನ್ನೊಂದು ಬೀಗ ಹಾಕಿತು. ನೊಂದವರನ್ನೇ ಮತ್ತೆ ಸುಲಿಯುವ ಆ ಕ್ರೌರ್ಯ ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ವೈರಸ್ ಹೊರಹಾಕಲು ವಿಂಡೋಸಿನಲ್ಲೇ ಇರುವ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಇದೆ; ಆದರೆ ನನ್ನ ಮನಸ್ಸಿಗೆ ಒಪ್ಪುವುದು, ಬೇಕಾದ್ದೆಲ್ಲ ಎತ್ತಿಟ್ಟ ಮೇಲೆ ಡಿಸ್ಕು ಪೂರ್ತಿ ಅಳಿಸಿ ಅಸಲಿ ವಿಂಡೋಸ್ ಹೊಸದಾಗಿ ಹಾಕುವುದು. ಡಿಜೆವಿಯು ಐದೈದು ನಿಮಿಷಕ್ಕೆ ತಾನಾಗಿ ಏಳುವಂತೆ ಟಾಸ್ಕ್ ಶೆಡ್ಯೂಲರಿನಲ್ಲಿ ಬರೆದಿಟ್ಟಿರುತ್ತದೆ. ಅರ್ಧಂಬರ್ಧ ತೊಳೆದ ಯಂತ್ರಕ್ಕೆ ಹೊಸ ಕಡತ ಹಾಕಿದರೆ ಅದಕ್ಕೂ ಬೀಗ. ಪಾಸ್‌ವರ್ಡುಗಳನ್ನು ಬೇರೆ ಯಂತ್ರದಿಂದ ಬದಲಿಸು, ಮೊದಲು ಮೇಲ್ ಮತ್ತು ಬ್ಯಾಂಕಿನದು.

ದುಡ್ಡು ಕೊಡಬಾರದು. ಕೊಟ್ಟವರಿಗೆಲ್ಲ ಕೀಲಿ ಸಿಗುವುದಿಲ್ಲ, ಕೊಟ್ಟ ದುಡ್ಡು ಮಾತ್ರ ಮುಂದಿನ ಮಗುವಿನ ಕಂಪ್ಯೂಟರಿಗೆ ಬೀಗ ತಯಾರಿಸುತ್ತದೆ. ಅದರ ಬದಲು ಕೇಂದ್ರ ಸರ್ಕಾರದ ಸೈಬರ್ ಅಪರಾಧ ತಾಣದಲ್ಲಿ ದೂರು ಹಾಕು, ಮೈಸೂರು ನಗರದಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೂ ಹೋಗಬಹುದು. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡು. ಮನೆಯಲ್ಲಿ ಬಯ್ಯುತ್ತಾರೆಂದು ಮುಚ್ಚಿಡಬೇಡ. ಅಪ್ಪನಿಗೆ ನಾನು ಹೇಳುತ್ತೇನೆ.

ಇಷ್ಟೆಲ್ಲ ಕಷ್ಟದಿಂದ ಕಾಯುವುದು ಒಂದೇ, ಯಂತ್ರದಿಂದ ಬೇರ್ಪಟ್ಟ ಪ್ರತಿ. ಸದಾ ಚುಚ್ಚಿಕೊಂಡಿರುವ ಹಾರ್ಡ್‌ಡಿಸ್ಕು ಪ್ರತಿ ಅಲ್ಲ, ಬೀಗ ಅದಕ್ಕೂ ಬೀಳುತ್ತದೆ. ವಾರಕ್ಕೊಮ್ಮೆ ಚುಚ್ಚು, ನಕಲು ಮಾಡು, ಕಿತ್ತು ಬೀರುವಿನಲ್ಲಿಡು. ಗೂಗಲ್ ಡ್ರೈವಿನಲ್ಲೂ ಒಂದು ಪ್ರತಿ ಇರಲಿ. ಹಳೆಯ ಆವೃತ್ತಿಯನ್ನು ಅದು 30 ದಿನ ಇಟ್ಟುಕೊಳ್ಳುತ್ತದೆ. ಅಪ್‌ಡೇಟ್ ಬಂದಾಗ ಮುಂದೂಡಬೇಡ. 2017ರ ಮೇ 12ರಂದು ಜಗತ್ತನ್ನೇ ನಡುಗಿಸಿದ ವನ್ನಾಕ್ರೈಗೆ ತಡೆ ಎರಡು ತಿಂಗಳ ಹಿಂದೆ, ಮಾರ್ಚಿನಲ್ಲೇ ಬಂದಿತ್ತು, ಹಾಕಿಕೊಂಡಿರದವರು ಸಿಕ್ಕಿಬಿದ್ದರು. ಡಿಫೆಂಡರಿನಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಎಂಬುದೊಂದಿದೆ, ಅದನ್ನು ಆನ್ ಮಾಡು. ಅಪ್ಪನ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದ್ದರೆ ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂದು ತಿಳಿಸು.

ಕ್ರ್ಯಾಕ್ ಬದಲು ಇವನ್ನು ಹಾಕಿಕೋ: ಚಿತ್ರದ ಕೆಲಸಕ್ಕೆ ಗಿಂಪ್, ಕಾರ್ಡು ಪೋಸ್ಟರಿಗೆ ಇಂಕ್‌ಸ್ಕೇಪ್, ಪುಟವಿನ್ಯಾಸಕ್ಕೆ ಸ್ಕ್ರೈಬಸ್, ರಿಪೋರ್ಟಿಗೆ ಲಿಬ್ರೆ ಆಫೀಸ್. ಎಲ್ಲವೂ ಉಚಿತ, ಕದ್ದದ್ದಲ್ಲ. ಯುನಿಕೋಡ್ ಕನ್ನಡ ಎಲ್ಲದರಲ್ಲೂ ಬರುತ್ತದೆ. ಇಂಕ್‌ಸ್ಕೇಪ್ ಮೊದಮೊದಲು ತೊಡಕೆನಿಸುತ್ತದೆ. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಖಾಲಿ ಇರುತ್ತದೆ, ಲ್ಯಾಪ್‌ಟಾಪ್ ತೆಗೆದುಕೊಂಡು ಬಾ, ಗೆಳತಿಯನ್ನೂ ಕರೆದುಕೊಂಡು ಬಾ. ಒಂದು ಮದುವೆ ಕಾರ್ಡನ್ನು ಮೊದಲಿಂದ ಕೊನೆಯವರೆಗೆ ಮಾಡಿ ತೋರಿಸುತ್ತೇನೆ. ಬರುವಾಗ ಒಂದು ಖಾಲಿ ಹಾರ್ಡ್‌ಡಿಸ್ಕು ಇರಲಿ.

ನಿನ್ನ
ದೊಡ್ಡಮ್ಮ