ಭಯೋತ್ಪಾದನೆ ಬೆಂಬಲಿಸುವ ದೇಶಗಳಿಗೆ ಸೇನಾ ನೆರವು: ಕಾನೂನಿನ ಮಿತಿ

2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸ್ಫೋಟ, ಮರುದಿನವೇ ಅಹಮದಾಬಾದ್‌ನಲ್ಲಿ. ಅಹಮದಾಬಾದ್‌ನ ಸುಮಾರು 70 ನಿಮಿಷಗಳ ಸರಣಿ ಸ್ಫೋಟದಲ್ಲಿ 56 ಜನ ಸತ್ತರು. ಗಾಯಾಳುಗಳನ್ನು ಕರೆತಂದ ಸಿವಿಲ್ ಆಸ್ಪತ್ರೆಯಲ್ಲೂ ಬಾಂಬ್ ಸಿಡಿಯಿತು. ಇದಕ್ಕಿಂತ ಕ್ರೂರ ಲೆಕ್ಕಾಚಾರವಿಲ್ಲ. ಸೂರತ್‌ನಲ್ಲಿ ಇಟ್ಟಿದ್ದ ಬಾಂಬ್‌ಗಳು ಸಿಡಿಯಲಿಲ್ಲ. ವಡೋದರಾ ಸಮೀಪದ ಹಾಲೋಲ್-ಪಾವಾಗಢ ಕಾಡಿನಲ್ಲಿ ತರಬೇತಿ ಶಿಬಿರ ನಡೆದಿತ್ತೆಂದು ತನಿಖೆ ಹೇಳಿತು. 2022ರ ಫೆಬ್ರುವರಿಯಲ್ಲಿ ವಿಶೇಷ ನ್ಯಾಯಾಲಯ 38 ಮಂದಿಗೆ ಮರಣದಂಡನೆ, 11 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಇಂಥ ಕೃತ್ಯಗಳಿಗೆ ಹಣ ಒದಗಿಸುವ ವ್ಯಕ್ತಿ, ಸಂಘಟನೆಗಳನ್ನು ಶಿಕ್ಷಿಸಲು ಭಾರತದಲ್ಲಿ ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆಯ (ಯುಎಪಿಎ) 17ನೇ ಸೆಕ್ಷನ್ ಇದೆ. ಬೆಂಬಲ ಕೊಡುವ ದೇಶಗಳಿಗೆ? ವಿಶ್ವಸಂಸ್ಥೆ ಭದ್ರತಾ ಮಂಡಳಿಯ 1373ನೇ ನಿರ್ಣಯ (2001) ಉಗ್ರರಿಗೆ ಯಾವುದೇ ಬೆಂಬಲ ನೀಡದಂತೆ ಎಲ್ಲ ರಾಷ್ಟ್ರಗಳನ್ನೂ ಕಟ್ಟಿಹಾಕುತ್ತದೆ. ಅಮೆರಿಕದ 1961ರ ವಿದೇಶಿ ನೆರವು ಕಾಯ್ದೆಯ 620ಎ ಸೆಕ್ಷನ್, ಅಂತರರಾಷ್ಟ್ರೀಯ ಭಯೋತ್ಪಾದನೆಗೆ ಪದೇ ಪದೇ ಬೆಂಬಲ ಕೊಡುವ ದೇಶಕ್ಕೆ ನೆರವು ನಿಷೇಧಿಸುತ್ತದೆ. ಆದರೆ ಯಾವ ದೇಶ ಅಂಥದ್ದೆಂದು ನಿರ್ಧರಿಸುವವರು ಅಲ್ಲಿನ ವಿದೇಶಾಂಗ ಕಾರ್ಯದರ್ಶಿ. ರಾಷ್ಟ್ರೀಯ ಭದ್ರತೆಯ ಕಾರಣ ನೀಡಿ ಅಧ್ಯಕ್ಷರು ವಿನಾಯಿತಿಯನ್ನೂ ಕೊಡಬಹುದು. ಕಾನೂನಿನ ದೊಡ್ಡ ದೌರ್ಬಲ್ಯ ಇದೇ.

ಹೀಗೆ ಅಮೆರಿಕ ಗುರುತಿಸಿದ, ಭಯೋತ್ಪಾದನೆ ಬೆಂಬಲಿಸುವ ದೇಶಗಳ ಪಟ್ಟಿಗೆ ಪಾಕಿಸ್ತಾನ ಸೇರಿಯೇ ಇಲ್ಲ. 2009ರ ಕೆರ್ರಿ-ಲುಗರ್-ಬರ್ಮನ್ ಕಾಯ್ದೆ ಅದರ ಸೇನಾ ನೆರವಿಗೆ ಉಗ್ರರ ವಿರುದ್ಧ ಕ್ರಮದ ಷರತ್ತು ಹಾಕಿತು, ವಿನಾಯಿತಿಯ ಬಾಗಿಲನ್ನೂ ತೆರೆದಿಟ್ಟಿತು. 2018ರ ಜನವರಿಯಲ್ಲಿ ಅಮೆರಿಕ ಭದ್ರತಾ ನೆರವು ತಡೆಹಿಡಿಯಿತು. ಅದೇ ವರ್ಷದ ಜೂನ್‌ನಿಂದ 2022ರ ಅಕ್ಟೋಬರ್‌ವರೆಗೆ ಪಾಕಿಸ್ತಾನ, ಉಗ್ರರ ಹಣದ ಹರಿವಿನ ಮೇಲೆ ನಿಗಾ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್‌ನ ಬೂದು ಪಟ್ಟಿಯಲ್ಲಿತ್ತು. ಅಮೆರಿಕದ ಪಟ್ಟಿಯನ್ನೂ ಈ ಬೂದು ಪಟ್ಟಿಯನ್ನೂ ಒಂದೆಂದು ಭಾವಿಸಬೇಡಿ.